ಕೆಲಸದ ಮನೆ ಬೇರೆ, ಕಳಿಸುವ ಗಂಟು ಬೇರೆ: ಜಾವಾಸ್ಕ್ರಿಪ್ಟ್ ಪ್ಯಾಕೇಜಿನ ಫೈಲ್‌ಗಳನ್ನು ಜೋಡಿಸುವ ಬಗೆ

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಹಂಚುವ ಭಂಡಾರವಾದ ಎನ್‌ಪಿಎಂಗೆ ನಾನು ಮೊದಲ ಬಾರಿ ಏರಿಸಿದ ಪ್ಯಾಕೇಜಿನಲ್ಲಿ ಚೆಂದದ ರೀಡ್‌ಮಿ ಇತ್ತು, ಪರವಾನಗಿ ಇತ್ತು, ಪರೀಕ್ಷೆಯ ಫೈಲ್‌ಗಳು ಒಂದೂ ಬಿಡದಂತೆ ಇದ್ದವು. ಓಡಬೇಕಾದ ಕೋಡ್ ಮಾತ್ರ ಮುಕ್ಕಾಲು ಪಾಲು ಇರಲಿಲ್ಲ. ಬಿಲ್ಡ್ ಆದ ಫೈಲ್‌ಗಳೆಲ್ಲ (ನಾವು ಬರೆದ ಕೋಡಿನಿಂದ ಉಪಕರಣ ಹುಟ್ಟಿಸಿದವು) 'ಡಿಸ್ಟ್' ಫೋಲ್ಡರಿನಲ್ಲಿದ್ದವು. ಆ ಫೋಲ್ಡರಿನ ಹೆಸರು, ಕೋಡಿನ ಇತಿಹಾಸ ಕಾಯುವ ಗಿಟ್ ಯಾವುದನ್ನು ಬಿಡಬೇಕೆಂದು ಹೇಳುವ .ಗಿಟ್‌ಇಗ್ನೋರ್ ಫೈಲಿನಲ್ಲಿತ್ತು; ಬೇರೆ ಸೂಚನೆ ಕೊಡದಿದ್ದರೆ ಎನ್‌ಪಿಎಂ ಕೂಡ ಅದೇ ಪಟ್ಟಿಯನ್ನು ಪಾಲಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಪ್ಯಾಕೇಜಿನ ವಿವರ ಬರೆದಿಡುವ ಪ್ಯಾಕೇಜ್.ಜೇಸನ್ ಫೈಲಿನಲ್ಲಿ 'ಮೇನ್' (ಮೊದಲು ತೆರೆಯುವ ಫೈಲ್) ಎಂದು ಹೆಸರಿಸಿದ ಫೈಲನ್ನು ಅದು ಯಾವ ಕಾರಣಕ್ಕೂ ಬಿಡುವುದಿಲ್ಲವಾದ್ದರಿಂದ ಇಂಡೆಕ್ಸ್ ಫೈಲ್ ಒಂದು ಹೋಗಿತ್ತು. ಬಾಗಿಲು ಇತ್ತು, ತೆರೆದರೆ ಹಿಂದೆ ಮನೆಯೇ ಇಲ್ಲ. ನನ್ನ ಯಂತ್ರದಲ್ಲಿ ಪರೀಕ್ಷೆಗಳೆಲ್ಲ ಹಸಿರು. ಬಳಸಿದವರಿಗೆ ಮೊದಲ ಸಾಲಿನಲ್ಲೇ ಮಾಡ್ಯೂಲ್ ಸಿಗಲಿಲ್ಲ ಎಂಬ ದೋಷ.

ನಾವು ಕೂತು ಕೆಲಸ ಮಾಡುವ ಫೋಲ್ಡರ್ ಒಂದು, ಬಳಸುವವರ ಕೈ ಸೇರುವ ಗಂಟು ಇನ್ನೊಂದು. ಮೊದಲನೆಯದು ನಮ್ಮ ಅನುಕೂಲಕ್ಕೆ, ಎರಡನೆಯದು ಅವರ ಅನುಕೂಲಕ್ಕೆ. ಫೈಲ್‌ಗಳನ್ನು ಹೇಗೆ ಜೋಡಿಸಬೇಕು ಎಂಬ ಚರ್ಚೆಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಎಂದುಕೊಂಡು ಹುಟ್ಟಿದವು. ಹಾಗಾಗಿ ಈ ಲೇಖನದಲ್ಲಿ ಗಂಟಿನಿಂದಲೇ ಶುರು ಮಾಡುತ್ತೇನೆ.

ಉದಾಹರಣೆಗೆ 'ಕಾಲಮಾನ' ಎಂಬ ಪುಟ್ಟ ಪ್ಯಾಕೇಜ್ ಇಟ್ಟುಕೊಳ್ಳೋಣ. ಎರಡು ದಿನಾಂಕ ಕೊಟ್ಟರೆ 'ಮೂರು ದಿನಗಳ ಹಿಂದೆ' ಎಂಬಂಥ ಮಾತನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ಹತ್ತಾರು ಭಾಷೆಗಳ ಮಾತುಗಳು ಬೇರೆಬೇರೆ ಫೈಲ್‌ಗಳಲ್ಲಿವೆ. ಬರೆದಿರುವುದು ಟೈಪ್‌ಸ್ಕ್ರಿಪ್ಟ್‌ನಲ್ಲಿ, ಅಂದರೆ ಯಾವ ಮೌಲ್ಯ ಯಾವ ಬಗೆಯದು (ಟೈಪ್) ಎಂದು ಬರೆದು ಹೇಳುವ ಜಾವಾಸ್ಕ್ರಿಪ್ಟ್‌ನಲ್ಲಿ. ನಿಮ್ಮದು ಬರೀ ಜಾವಾಸ್ಕ್ರಿಪ್ಟ್ ಆದರೆ ಟೈಪ್‌ಗಳ ಭಾಗವನ್ನು ಹಾರಿಸಿ ಓದಬಹುದು. ಉಳಿದದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಹಂತ 1: ಗಂಟನ್ನು ಬಿಚ್ಚಿ ನೋಡಿ

ಪ್ಯಾಕೇಜ್ ಫೋಲ್ಡರಿನಲ್ಲಿ ನಿಂತು 'ಎನ್‌ಪಿಎಂ ಪ್ಯಾಕ್' ಕಮಾಂಡನ್ನು 'ಡ್ರೈ-ರನ್' ಆಯ್ಕೆಯೊಂದಿಗೆ ಓಡಿಸಿ. ಏನನ್ನೂ ಪ್ರಕಟಿಸದೆ, ಪ್ರಕಟಿಸಿದ್ದರೆ ಯಾವ ಯಾವ ಫೈಲ್ ಹೋಗುತ್ತಿತ್ತು ಎಂಬ ಪೂರ್ತಿ ಪಟ್ಟಿಯನ್ನು ಅದು ಕೊಡುತ್ತದೆ. ಪ್ರತಿ ಫೈಲಿನ ಗಾತ್ರ, ಗಂಟಿನ ಒಟ್ಟು ಗಾತ್ರ, ಬಿಚ್ಚಿದ ಮೇಲಿನ ಗಾತ್ರ, ಫೈಲ್‌ಗಳ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. 'ಡ್ರೈ-ರನ್' ಬಿಟ್ಟು ಓಡಿಸಿದರೆ ನಿಜವಾದ .ಟಿಜಿಝಡ್ ಫೈಲ್ ಸಿಗುತ್ತದೆ. ಅದನ್ನು ಬಿಚ್ಚಿದರೆ ಒಳಗೆ 'ಪ್ಯಾಕೇಜ್' ಎಂಬ ಒಂದು ಫೋಲ್ಡರ್. ಬಳಸುವವರು ತಂದುಕೊಂಡ ಪ್ಯಾಕೇಜ್‌ಗಳ ಫೋಲ್ಡರಾದ 'ನೋಡ್_ಮಾಡ್ಯೂಲ್ಸ್' ಒಳಗೆ ಹೋಗಿ ಕೂರುವುದು ಇದರಲ್ಲಿರುವ ಫೈಲ್‌ಗಳೇ.

ಮೊದಲ ಸಲ ಈ ಪಟ್ಟಿ ನೋಡಿದವರಿಗೆ ಮುಜುಗರವಾಗುವುದು ಸಹಜ. ಸಂಪಾದಕದ ಸೆಟ್ಟಿಂಗ್‌ಗಳು, ಯಾವಾಗಲೋ ತೆಗೆದ ಸ್ಕ್ರೀನ್‌ಶಾಟ್, ಕವರೇಜ್ ವರದಿ, 'ಹಳೆಯದು-2' ಎಂಬ ಹೆಸರಿನ ಫೈಲ್, ಇವೆಲ್ಲ ಸಾಲಾಗಿ ನಿಂತಿರುತ್ತವೆ. ಈ ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ಒಂದೇ ಪ್ರಶ್ನೆ ಹಾಕಿ: ಬಳಸುವವರಿಗೆ ಇದು ಏಕೆ ಬೇಕು? ಉತ್ತರ ಹೊಳೆಯದ ಸಾಲುಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಮೂರನೆಯ ಹಂತದಲ್ಲಿ ಅವನ್ನು ಹೊರಹಾಕುತ್ತೇವೆ.

ಹಂತ 2: ಮನೆಯ ಕೋಣೆಗಳು

ಕೆಲಸದ ಫೋಲ್ಡರಿನ ವಿಷಯದಲ್ಲಿ ನನಗೆ ಹೆಚ್ಚು ಹಟವಿಲ್ಲ. ಕೈಯಿಂದ ಬರೆದದ್ದು, ಯಂತ್ರ ಹುಟ್ಟಿಸಿದ್ದು ಎರಡೂ ಒಂದೇ ಫೋಲ್ಡರಿನಲ್ಲಿ ಬೆರೆಯಬಾರದು ಎಂಬುದೊಂದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಬರೆದದ್ದು 'ಎಸ್‌ಆರ್‌ಸಿ'ಯಲ್ಲಿ, ಹುಟ್ಟಿದ್ದು 'ಡಿಸ್ಟ್'ನಲ್ಲಿ. ಮೊದಲನೆಯದು ಗಿಟ್‌ಗೆ ಹೋಗುತ್ತದೆ, ಗಂಟಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಎರಡನೆಯದು ಗಂಟಿಗೆ ಹೋಗುತ್ತದೆ, ಗಿಟ್‌ಗೆ ಹೋಗುವುದಿಲ್ಲ. ಬೆರೆಸಿಟ್ಟರೆ ಯಾವುದನ್ನು ತಿದ್ದಬೇಕು, ಯಾವುದನ್ನು ಅಳಿಸಿದರೂ ನಡೆಯುತ್ತದೆ ಎಂಬುದು ಆರು ತಿಂಗಳಲ್ಲಿ ನಿಮಗೇ ಮರೆತುಹೋಗುತ್ತದೆ.

ಕಾಲಮಾನದ ಮನೆ ಹೀಗಿದೆ:

ಕಾಲಮಾನ/
— ಎಸ್‌ಆರ್‌ಸಿ/ಇಂಡೆಕ್ಸ್.ಟಿಎಸ್
— ಎಸ್‌ಆರ್‌ಸಿ/ಭಾಷೆ/ (ಭಾಷೆಗೊಂದು ಫೈಲ್)
— ಎಸ್‌ಆರ್‌ಸಿ/ಒಳಗಿನ/ (ಹೊರಗಿನವರು ಮುಟ್ಟಬಾರದ ಸಹಾಯಕ ಫಂಕ್ಷನ್‌ಗಳು)
— ಟೆಸ್ಟ್/
— ಡಿಸ್ಟ್/ (ಬಿಲ್ಡ್ ಆದಾಗ ಹುಟ್ಟುವುದು)
— ಪ್ಯಾಕೇಜ್.ಜೇಸನ್, ರೀಡ್‌ಮಿ, ಲೈಸೆನ್ಸ್, ಚೇಂಜ್‌ಲಾಗ್

(ಫೋಲ್ಡರಿಗೆ ನಿಜವಾಗಿ ಹೆಸರಿಡುವಾಗ ಸಣ್ಣ ರೋಮನ್ ಅಕ್ಷರಗಳನ್ನೇ ಬಳಸಿ, ಪ್ಯಾಕೇಜಿನ ಹೆಸರಿಗಂತೂ ಅದು ನಿಯಮವೇ. 214 ಅಕ್ಷರ ಮೀರಬಾರದು, ಚುಕ್ಕಿಯಿಂದಲೋ ಅಡಿಗೆರೆಯಿಂದಲೋ ಶುರುವಾಗಬಾರದು.)

ಪರೀಕ್ಷೆಯ ಫೈಲ್‌ಗಳನ್ನು ಬೇರೆ ಫೋಲ್ಡರಿನಲ್ಲಿ ಇಡಬೇಕೋ ಕೋಡ್‌ನ ಪಕ್ಕದಲ್ಲೇ ಇಡಬೇಕೋ ಎಂಬ ಜಗಳ ಹಳೆಯದು. ಆ್ಯಪ್ ಬರೆಯುವಾಗ ಪಕ್ಕದಲ್ಲಿಡುವುದು ನನಗೂ ಇಷ್ಟ. ಪ್ಯಾಕೇಜ್‌ಗಾದರೆ ಬೇರೆ ಫೋಲ್ಡರಿಗೇ ನನ್ನ ಮತ. ಪಕ್ಕದಲ್ಲಿದ್ದ ಪರೀಕ್ಷೆಗಳು ಬಿಲ್ಡ್ ಆಗಿ ಡಿಸ್ಟ್‌ಗೆ ನುಸುಳುವ ದಾರಿಗಳು ಹಲವು; ಬೇರೆಯಿದ್ದರೆ ಆ ಚಿಂತೆಯೇ ಇಲ್ಲ.

ಒಟ್ಟು ಐವತ್ತು ಸಾಲಿನ, ಬಿಲ್ಡ್ ಬೇಡದ ಪ್ಯಾಕೇಜ್ ಆದರೆ ಇದಾವುದೂ ಬೇಡ. ಒಂದು ಇಂಡೆಕ್ಸ್ ಫೈಲ್ ಸಾಕು. 2016ರ ಮಾರ್ಚ್‌ನಲ್ಲಿ ಎನ್‌ಪಿಎಂನಿಂದ ತೆಗೆದುಹಾಕಿದಾಗ ಜಗತ್ತಿನ ಅಸಂಖ್ಯ ಬಿಲ್ಡ್‌ಗಳನ್ನು ಮುರಿದ 'ಲೆಫ್ಟ್-ಪ್ಯಾಡ್'ನಲ್ಲಿ ಇದ್ದದ್ದು ಹನ್ನೊಂದು ಸಾಲು ಕೋಡ್. ಅದಕ್ಕೆ ಆರು ಫೋಲ್ಡರ್ ಮಾಡಿದ್ದರೆ ನಗೆಪಾಟಲಾಗುತ್ತಿತ್ತು.

ಒಂದು ಸಣ್ಣ ಎಚ್ಚರಿಕೆ: ಫೈಲಿನ ಹೆಸರುಗಳನ್ನು ಪೂರ್ತಿ ಸಣ್ಣ ಅಕ್ಷರದಲ್ಲಿಡಿ. ವಿಂಡೋಸ್ ಮತ್ತು ಮ್ಯಾಕ್‌ಗಳು ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯೆಂದು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಸರ್ವರಿನಲ್ಲಿ ಬೀಳಲು ಒಂದೇ ಅಕ್ಷರ ಸಾಕು.

ಹಂತ 3: ಏನು ಹೋಗಬೇಕೆಂದು ಬರೆಯಿರಿ, ಏನು ಹೋಗಬಾರದೆಂದು ಬರೆಯಬೇಡಿ

ಗಂಟಿನೊಳಗೆ ಏನಿರಬೇಕೆಂದು ಹೇಳಲು ಎರಡು ದಾರಿಗಳಿವೆ. .ಎನ್‌ಪಿಎಂಇಗ್ನೋರ್ ಎಂಬ ಫೈಲಿನಲ್ಲಿ ಬೇಡದ್ದನ್ನು ಪಟ್ಟಿ ಮಾಡುವುದು ಒಂದು. ಪ್ಯಾಕೇಜ್.ಜೇಸನ್‌ನ 'ಫೈಲ್ಸ್' ಫೀಲ್ಡಿನಲ್ಲಿ ಬೇಕಾದ್ದನ್ನು ಪಟ್ಟಿ ಮಾಡುವುದು ಇನ್ನೊಂದು. ಎರಡನೆಯದನ್ನೇ ಆರಿಸಿ.

ಕಾರಣ ಸರಳ. ಬೇಡದ್ದರ ಪಟ್ಟಿಗೆ ಕೊನೆಯಿಲ್ಲ. ನಾಳೆ ನೀವು ಹೊಸ ಉಪಕರಣವೊಂದನ್ನು ತರುತ್ತೀರಿ, ಅದು ತನ್ನದೊಂದು ಸೆಟ್ಟಿಂಗ್ ಫೈಲ್ ಹುಟ್ಟಿಸುತ್ತದೆ, ಪಟ್ಟಿಯಲ್ಲಿ ಅದರ ಹೆಸರಿಲ್ಲ, ಗಂಟಿಗೆ ಸೇರಿಬಿಡುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. .ಎನ್‌ಪಿಎಂಇಗ್ನೋರ್ ಇಲ್ಲದಿದ್ದರೆ ಎನ್‌ಪಿಎಂ .ಗಿಟ್‌ಇಗ್ನೋರ್ ನೋಡುತ್ತದೆ ಎಂದೆನಲ್ಲ, ಅದೇ ಫೋಲ್ಡರಿನಲ್ಲಿ .ಎನ್‌ಪಿಎಂಇಗ್ನೋರ್ ಹುಟ್ಟಿದ ಕ್ಷಣ .ಗಿಟ್‌ಇಗ್ನೋರ್‌ನತ್ತ ಅದು ತಿರುಗಿಯೂ ನೋಡುವುದಿಲ್ಲ. ಎರಡು ಪಟ್ಟಿಗಳೂ ಕೂಡುತ್ತವೆ ಎಂದುಕೊಂಡವರು ಬಹಳ. ಗುಪ್ತ ಕೀಲಿಗಳಿರುವ .ಎನ್ವ್ ಫೈಲ್ ಗಿಟ್‌ನಿಂದ ಅಡಗಿತ್ತು, ಪರೀಕ್ಷೆಗಳನ್ನು ಗಂಟಿನಿಂದ ಬಿಡಲೆಂದು ಒಂದೇ ಸಾಲಿನ .ಎನ್‌ಪಿಎಂಇಗ್ನೋರ್ ಬರೆದರು, ಕೀಲಿಗಳು ಪ್ರಕಟವಾದವು. ಪ್ರಕಟವಾದ ಪ್ಯಾಕೇಜಿನ ಪ್ರತಿ ಫೈಲನ್ನೂ ಅನ್‌ಪ್ಯಾಕೇಜ್‌ನಂಥ ತಾಣಗಳಲ್ಲಿ ಬ್ರೌಸರಿನಲ್ಲೇ ತೆರೆದು ಓದಬಹುದು ಎಂಬುದನ್ನು ಇಲ್ಲಿ ನೆನಪಿಡಿ. ಹಾಗೇನಾದರೂ ಆದರೆ ಫೈಲ್ ಅಳಿಸುವುದರಿಂದ ಪ್ರಯೋಜನವಿಲ್ಲ, ಕೀಲಿಯನ್ನೇ ಬದಲಿಸಬೇಕು.

ಕಾಲಮಾನದ 'ಫೈಲ್ಸ್' ಪಟ್ಟಿಯಲ್ಲಿ ಎರಡೇ ಹೆಸರು: 'ಡಿಸ್ಟ್' ಮತ್ತು 'ಚೇಂಜ್‌ಲಾಗ್'. ಪ್ಯಾಕೇಜ್.ಜೇಸನ್, ರೀಡ್‌ಮಿ, ಲೈಸೆನ್ಸ್ ಮತ್ತು 'ಮೇನ್'ನಲ್ಲಿ ಹೇಳಿದ ಫೈಲ್, ಇವು ಕೇಳದಿದ್ದರೂ ಹೋಗುತ್ತವೆ. ಗಿಟ್‌ನ ಒಳಫೋಲ್ಡರ್, .ಎನ್‌ಪಿಎಂಆರ್‌ಸಿ, ಮ್ಯಾಕ್ ಹುಟ್ಟಿಸುವ .ಡಿಎಸ್_ಸ್ಟೋರ್ ಇಂಥವು ಹಾಗೆಯೇ ಕೇಳದೆ ಹೊರಗುಳಿಯುತ್ತವೆ.

ಇಲ್ಲೂ ಒಂದು ಗುಂಡಿಯಿದೆ. ಬುಡದಲ್ಲಿರುವ ಇಗ್ನೋರ್ ಫೈಲ್‌ಗಿಂತ 'ಫೈಲ್ಸ್' ಪಟ್ಟಿಯ ಮಾತು ಮೇಲು. ಆದರೆ ಒಳಫೋಲ್ಡರಿನಲ್ಲಿರುವ ಇಗ್ನೋರ್ ಫೈಲ್ 'ಫೈಲ್ಸ್' ಪಟ್ಟಿಗಿಂತ ಮೇಲು. ಕೆಲವು ಬಿಲ್ಡ್ ಉಪಕರಣಗಳು ತಾವು ಹುಟ್ಟಿಸುವ ಫೋಲ್ಡರಿನೊಳಗೇ 'ಎಲ್ಲವನ್ನೂ ಬಿಡು' ಎನ್ನುವ ಒಂದು .ಗಿಟ್‌ಇಗ್ನೋರ್ ಇಟ್ಟುಬಿಡುತ್ತವೆ. ರಸ್ಟ್ ಕೋಡನ್ನು ವೆಬ್‌ಅಸೆಂಬ್ಲಿಗೆ ತರುವ ವಾಸ್ಮ್-ಪ್ಯಾಕ್ ಇದಕ್ಕೆ ಉದಾಹರಣೆ. ಪಟ್ಟಿ ಸರಿಯಿದ್ದೂ ಫೋಲ್ಡರ್ ಹೋಗುತ್ತಿಲ್ಲವೆಂದರೆ ಮೊದಲು ಅಲ್ಲಿ ಇಣುಕಿ.

ಹಂತ 4: ಬಾಗಿಲುಗಳನ್ನು ನೀವೇ ತೀರ್ಮಾನಿಸಿ

ಇದು ಈ ಲೇಖನದ ಅತಿ ಮುಖ್ಯ ಭಾಗ, ಮತ್ತು ಹೆಚ್ಚಿನವರು ಅತಿ ಬೇಗ ದಾಟಿಬಿಡುವ ಭಾಗ.

ಪ್ಯಾಕೇಜ್.ಜೇಸನ್‌ನಲ್ಲಿ 'ಎಕ್ಸ್‌ಪೋರ್ಟ್ಸ್' ಎಂಬ ಫೀಲ್ಡ್ ಇಲ್ಲದ ಕಾಲದಲ್ಲಿ ಪ್ಯಾಕೇಜಿನೊಳಗಿನ ಯಾವ ಫೈಲನ್ನು ಯಾರು ಬೇಕಾದರೂ ನೇರವಾಗಿ ಕರೆಯಬಹುದಿತ್ತು. 'ಕಾಲಮಾನ/ಡಿಸ್ಟ್/ಒಳಗಿನ/ಭಾಗಿಸು' ಎಂದು ಬರೆದರೆ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಆ ಫೈಲನ್ನು ತಂದುಕೊಡುತ್ತಿತ್ತು. ಹೀಗಾದಾಗ ನಿಮ್ಮ ಫೋಲ್ಡರ್‌ಗಳ ಹೆಸರೇ ಒಂದು ಒಪ್ಪಂದವಾಗಿಬಿಡುತ್ತದೆ. 'ಒಳಗಿನ' ಎಂಬುದನ್ನು 'ಸಹಾಯ' ಎಂದು ಬದಲಿಸಿದಿರಿ, ಯಾರದೋ ಕೋಡ್ ಮುರಿಯಿತು. ಅದು ಒಳಗಿನದು, ಮುಟ್ಟಬೇಡಿ ಎಂದಿದ್ದೆನಲ್ಲ ಎಂದು ರೀಡ್‌ಮಿ ತೋರಿಸಿ ವಾದಿಸಬಹುದು. ವಾದದಲ್ಲಿ ಗೆದ್ದರೂ ಅವರ ಕೋಡ್ ಮುರಿದೇ ಇರುತ್ತದೆ.

'ಎಕ್ಸ್‌ಪೋರ್ಟ್ಸ್' ಬರೆದ ಕೂಡಲೇ ಗೋಡೆ ಏಳುತ್ತದೆ. ನೀವು ಹೆಸರಿಸಿದ ದಾರಿಗಳಷ್ಟೇ ತೆರೆದಿರುತ್ತವೆ. ಉಳಿದದ್ದನ್ನು ಕರೆದರೆ ಆ ದಾರಿಯನ್ನು ತೆರೆದಿಲ್ಲ ಎಂಬ ದೋಷವನ್ನು ನೋಡ್ ಸ್ಪಷ್ಟವಾಗಿ ಕೊಡುತ್ತದೆ. ಇದರ ಚೆಲುವು ಮರೆಮಾಚುವುದರಲ್ಲಷ್ಟೇ ಇಲ್ಲ. ಹೊರಗಿನ ಹೆಸರಿಗೂ ಒಳಗಿನ ಜಾಗಕ್ಕೂ ಇದ್ದ ನಂಟನ್ನು ಅದು ಕಡಿಯುತ್ತದೆ. ಹೊರಗೆ 'ಕಾಲಮಾನ/ಭಾಷೆ/ತಮಿಳು' ಎಂಬ ಹೆಸರು. ಒಳಗೆ ಅದು 'ಡಿಸ್ಟ್/ಭಾಷೆ' ಫೋಲ್ಡರಿನಲ್ಲಿರುವ ಫೈಲ್. ಮುಂದಿನ ವರ್ಷ ನೀವು ಒಳಗಿನ ಫೋಲ್ಡರ್‌ಗಳನ್ನು ತಲೆಕೆಳಗು ಮಾಡಿದರೂ ಎಕ್ಸ್‌ಪೋರ್ಟ್ಸ್‌ನ ಒಂದು ಸಾಲು ತಿದ್ದಿದರೆ ಹೊರಗಿನವರಿಗೆ ಸುಳಿವೇ ಸಿಗುವುದಿಲ್ಲ.

ಕಾಲಮಾನಕ್ಕೆ ಮೂರು ಬಾಗಿಲು ಇಟ್ಟಿದ್ದೇನೆ.

ಮೊದಲನೆಯದು ಬರೀ ಚುಕ್ಕಿ, ಅಂದರೆ ಪ್ಯಾಕೇಜಿನ ಹೆಸರನ್ನಷ್ಟೇ ಹೇಳಿ ಕರೆದವರಿಗೆ. ಅದು ಡಿಸ್ಟ್‌ನ ಇಂಡೆಕ್ಸ್ ಫೈಲಿಗೆ ಹೋಗುತ್ತದೆ.

ಎರಡನೆಯದು './ಭಾಷೆ/*'. ನಕ್ಷತ್ರ ಚಿಹ್ನೆಯ ಜಾಗದಲ್ಲಿ ಯಾವ ಹೆಸರು ಬಂದರೂ ಅದೇ ಹೆಸರಿನ ಫೈಲಿಗೆ ದಾರಿ. ಹತ್ತಾರು ಭಾಷೆಗಳ ಮಾತುಗಳನ್ನು ಇಂಡೆಕ್ಸ್‌ನಿಂದಲೇ ಹೊರಗೆ ಕೊಟ್ಟಿದ್ದರೆ ಒಂದು ಭಾಷೆ ಬೇಕಾದವರ ಮೇಲೆ ಎಲ್ಲ ಭಾಷೆಗಳ ಭಾರವೂ ಬೀಳುವ ಅಪಾಯವಿತ್ತು. ಬಳಸದ ಕೋಡನ್ನು ಬಂಡ್ಲರ್‌ಗಳು (ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟುವ ಉಪಕರಣಗಳು) ಉದುರಿಸುತ್ತವೆ ನಿಜ. ಎಲ್ಲವೂ, ಎಲ್ಲ ಸಲವೂ ಉದುರಿಸುತ್ತವೆ ಎಂದು ನಂಬಿ ಕೂರಲಾಗದು. ಉದುರಿಸಲು ನೆರವಾಗಲೆಂದು 'ಸೈಡ್‌ಎಫೆಕ್ಟ್ಸ್' ಫೀಲ್ಡಿಗೆ 'ಫಾಲ್ಸ್' ಎಂದು ಕೊಡಬಹುದು: ಇಲ್ಲಿನ ಫೈಲ್‌ಗಳನ್ನು ಆಮದು ಮಾಡಿದ ಮಾತ್ರಕ್ಕೆ ಬೇರೆಲ್ಲೂ ಏನೂ ಬದಲಾಗುವುದಿಲ್ಲ, ಬಳಸದಿದ್ದರೆ ಬಿಸಾಡಬಹುದು ಎಂದು ಬಂಡ್ಲರಿಗೆ ಕೊಡುವ ಭರವಸೆ ಇದು. ನಿಮ್ಮ ಪ್ಯಾಕೇಜಿನಲ್ಲಿ ಸಿಎಸ್‌ಎಸ್ ಫೈಲ್ ಇದ್ದರೆ ಹುಷಾರು. ಅದನ್ನು ವಿನಾಯಿತಿಯ ಪಟ್ಟಿಯಲ್ಲಿ ಹೇಳದಿದ್ದರೆ ಬಣ್ಣಗಳೇ ಮಾಯವಾಗುತ್ತವೆ.

ಮೂರನೆಯದು './ಪ್ಯಾಕೇಜ್.ಜೇಸನ್'. ಗೋಡೆ ಎದ್ದ ಮೇಲೆ ಈ ಫೈಲ್ ಕೂಡ ಹೊರಗಿನವರಿಗೆ ಸಿಗುವುದಿಲ್ಲ, ಅದನ್ನು ಓದಬಯಸುವ ಉಪಕರಣಗಳು ಅನೇಕ. ಒಂದು ಸಾಲು, ಬರೆದುಬಿಡಿ.

ಹಳೆಯ ಪ್ಯಾಕೇಜ್ ಒಂದಕ್ಕೆ ಹೊಸದಾಗಿ ಎಕ್ಸ್‌ಪೋರ್ಟ್ಸ್ ಸೇರಿಸುತ್ತಿದ್ದರೆ ಅದನ್ನು ಸಣ್ಣ ಬದಲಾವಣೆ ಎಂದುಕೊಳ್ಳಬೇಡಿ. ನಿನ್ನೆಯವರೆಗೆ ತೆರೆದಿದ್ದ ನೂರು ಕಿಟಕಿಗಳು ಒಂದೇ ಸಲ ಮುಚ್ಚುತ್ತವೆ. ಆವೃತ್ತಿಯ ಮೊದಲ ಅಂಕಿಯನ್ನೇ ಏರಿಸಬೇಕು.

ಹಂತ 5: ಎರಡು ಬಗೆಯ ಮಾಡ್ಯೂಲ್‌ಗಳ ಸಂಕಟ

ಜಾವಾಸ್ಕ್ರಿಪ್ಟ್‌ಗೆ ತನ್ನದೇ ಮಾಡ್ಯೂಲ್ ಪದ್ಧತಿ ಬಂದದ್ದು 2015ರ ಭಾಷಾ ಆವೃತ್ತಿಯಲ್ಲಿ. ನೋಡ್ ಹುಟ್ಟಿದ್ದು 2009ರಲ್ಲಿ. ಅದು ಕಾಮನ್‌ಜೆಎಸ್ ಎಂಬ ಬೇರೊಂದು ಪದ್ಧತಿಯನ್ನು ಹಿಡಿದು ಬೆಳೆದಿತ್ತು. ಆ ಆರು ವರ್ಷಗಳ ಅಂತರಕ್ಕೆ ಪ್ಯಾಕೇಜ್ ಬರೆಯುವವರು ಇಂದಿಗೂ ಬಡ್ಡಿ ಕಟ್ಟುತ್ತಿದ್ದಾರೆ.

ಪ್ಯಾಕೇಜ್.ಜೇಸನ್‌ನಲ್ಲಿ 'ಟೈಪ್' ಎಂಬ ಫೀಲ್ಡಿಗೆ 'ಮಾಡ್ಯೂಲ್' ಎಂದು ಕೊಟ್ಟರೆ ನಿಮ್ಮ .ಜೆಎಸ್ ಫೈಲ್‌ಗಳೆಲ್ಲ ಹೊಸ ಪದ್ಧತಿಯವು. ಇಲ್ಲದಿದ್ದರೆ ಸಾಮಾನ್ಯವಾಗಿ ಹಳೆಯವು. ಯಾವುದೋ ಒಂದು ಫೈಲ್ ಮಾತ್ರ ಬೇರೆಯಾಗಬೇಕಿದ್ದರೆ .ಎಂಜೆಎಸ್ ಎಂದರೆ ಹೊಸದು, .ಸಿಜೆಎಸ್ ಎಂದರೆ ಹಳೆಯದು. 'ಟೈಪ್' ಏನೇ ಹೇಳಲಿ, ಈ ಎರಡರ ಅರ್ಥ ಬದಲಾಗುವುದಿಲ್ಲ.

ಬಹಳ ವರ್ಷ ರೂಢಿಯಲ್ಲಿದ್ದದ್ದು ಎರಡೂ ಬಗೆಯಲ್ಲಿ ಬಿಲ್ಡ್ ಮಾಡಿ ಕಳಿಸುವುದು. ಎಕ್ಸ್‌ಪೋರ್ಟ್ಸ್‌ನ ಪ್ರತಿ ಬಾಗಿಲಿಗೂ 'ಇಂಪೋರ್ಟ್' ಎಂದು ಕರೆದವರಿಗೊಂದು ಫೈಲ್, 'ರಿಕ್ವೈರ್' ಎಂದು ಕರೆದವರಿಗೊಂದು ಫೈಲ್ ಎಂದು ಶರತ್ತು ಹಾಕಬಹುದು. ಕೇಳಲು ಸೊಗಸು. ತೊಂದರೆ ಎಲ್ಲಿದೆಯೆಂದರೆ, ಒಂದೇ ಆ್ಯಪ್‌ನಲ್ಲಿ ಒಬ್ಬರು ಹೀಗೂ ಇನ್ನೊಬ್ಬರು ಹಾಗೂ ಕರೆದರೆ ನಿಮ್ಮ ಪ್ಯಾಕೇಜಿನ ಎರಡು ಪ್ರತಿಗಳು ಒಟ್ಟಿಗೆ ಓಡುತ್ತವೆ. ಕಾಲಮಾನದಲ್ಲಿ 'ಈಗಿನ ಭಾಷೆ ಯಾವುದು' ಎಂಬುದನ್ನು ನೆನಪಿಡುವ ಒಂದು ವೇರಿಯಬಲ್ ಇದೆಯೆನ್ನಿ. ಒಂದು ಪ್ರತಿಯಲ್ಲಿ ಅದನ್ನು ಮರಾಠಿಗೆ ಬದಲಿಸಿದರೆ ಇನ್ನೊಂದು ಪ್ರತಿಗೆ ಗೊತ್ತೇ ಆಗುವುದಿಲ್ಲ. ಒಂದು ಪ್ರತಿಯ ಕ್ಲಾಸಿನಿಂದ ಹುಟ್ಟಿದ ವಸ್ತುವನ್ನು ಇನ್ನೊಂದು ಪ್ರತಿಯ ಕ್ಲಾಸ್ ತನ್ನದೆಂದು ಗುರುತಿಸುವುದಿಲ್ಲ. ಇಂಥ ದೋಷವನ್ನು ಹುಡುಕಲು ಹೊರಟವರು ಇಡೀ ದಿನ ಕಳೆದುಕೊಳ್ಳುತ್ತಾರೆ. ಕೋಡ್ ಎಲ್ಲೂ ತಪ್ಪಿಲ್ಲವಲ್ಲ!

ಈಗ ಸ್ವಲ್ಪ ನೆಮ್ಮದಿ ಬಂದಿದೆ. ನೋಡ್ 22.12ರಿಂದ, ಹಾಗೆಯೇ 20ರ ಸಾಲಿನಲ್ಲಿ 20.19ರಿಂದ, 'ರಿಕ್ವೈರ್' ಮೂಲಕವೇ ಹೊಸ ಪದ್ಧತಿಯ ಮಾಡ್ಯೂಲನ್ನು ಕರೆಯಬಹುದು. ಆ ಮಾಡ್ಯೂಲಿನ ಮೇಲ್ಮಟ್ಟದಲ್ಲಿ 'ಅವೇಟ್' ಇರಬಾರದು ಅಷ್ಟೇ. ಹಾಗಾಗಿ ಹೊಸದಾಗಿ ಶುರುಮಾಡುವ ಪ್ಯಾಕೇಜನ್ನು ಹೊಸ ಪದ್ಧತಿಯೊಂದರಲ್ಲೇ ಕಳಿಸಿ, 'ಎಂಜಿನ್ಸ್' ಫೀಲ್ಡಿನಲ್ಲಿ ನೋಡ್‌ನ ಕನಿಷ್ಠ ಆವೃತ್ತಿ ಬರೆದು ನಿಶ್ಚಿಂತೆಯಿಂದಿರಿ ಎಂಬುದು ನನ್ನ ಸಲಹೆ. ಹಳೆಯ ನೋಡ್ ಬಳಸುವವರೇ ನಿಮ್ಮ ಮುಖ್ಯ ಬಳಕೆದಾರರಾದರೆ ಮಾತ್ರ ಎರಡು ಬಗೆಯ ಬಿಲ್ಡ್. ಅದನ್ನು ಮಾಡುವುದಾದರೆ ಎರಡು ಮಾತು ಮರೆಯಬೇಡಿ: ಶರತ್ತುಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಹೊಂದಿದ ಮೊದಲನೆಯದೇ ಗೆಲ್ಲುತ್ತದೆ. ಆದ್ದರಿಂದ 'ಟೈಪ್ಸ್' ಎಲ್ಲಕ್ಕಿಂತ ಮೇಲೆ, 'ಡೀಫಾಲ್ಟ್' ಎಲ್ಲಕ್ಕಿಂತ ಕೆಳಗೆ.

ಹೊಸ ಪದ್ಧತಿಯಲ್ಲಿ ಬರೆಯುವವರು ತಮ್ಮದೇ ಫೈಲ್‌ಗಳನ್ನು ಕರೆಯುವಾಗ ಕೊನೆಯ .ಜೆಎಸ್ ಸೇರಿಸಿ ಪೂರ್ತಿ ಹೆಸರು ಬರೆಯಬೇಕು. ಬಂಡ್ಲರ್ ಕ್ಷಮಿಸುತ್ತದೆ, ನೋಡ್ ಕ್ಷಮಿಸುವುದಿಲ್ಲ.

ಹಂತ 6: ಟೈಪ್‌ಗಳು

ಟೈಪ್‌ಸ್ಕ್ರಿಪ್ಟ್ ಪ್ಯಾಕೇಜಿನ ಗಂಟಿನಲ್ಲಿ ಟೈಪ್‌ಗಳನ್ನು ಮಾತ್ರ ಹೇಳುವ .ಡಿ.ಟಿಎಸ್ ಫೈಲ್‌ಗಳು ಇರಬೇಕು; ಟೈಪ್‌ಸ್ಕ್ರಿಪ್ಟ್‌ನ ಸೆಟ್ಟಿಂಗ್ ಫೈಲಾದ ಟಿಎಸ್‌ಕಾನ್ಫಿಗ್‌ನಲ್ಲಿ 'ಡಿಕ್ಲರೇಷನ್' ಆನ್ ಮಾಡಿದರೆ ಅವು ಹುಟ್ಟುತ್ತವೆ. ಅದೇ ಟಿಎಸ್‌ಕಾನ್ಫಿಗ್‌ನಲ್ಲಿ 'ರೂಟ್‌ಡಿರ್' ಎಂದರೆ 'ಎಸ್‌ಆರ್‌ಸಿ' ಎಂದು ಕೈಯಾರೆ ಬರೆಯಿರಿ. ಬರೆಯದಿದ್ದರೆ ಕಂಪೈಲರ್ ತನ್ನ ಕಣ್ಣಿಗೆ ಬಿದ್ದ ಎಲ್ಲ ಫೈಲ್‌ಗಳಿಗೂ ಸಾಮಾನ್ಯವಾದ ಮೇಲಿನ ಫೋಲ್ಡರನ್ನು ಹುಡುಕುವ ಅಪಾಯವಿದೆ. ಹಾಗಾದಾಗ ಟೆಸ್ಟ್ ಫೋಲ್ಡರಿನ ಒಂದೇ ಒಂದು ಫೈಲ್ ಲೆಕ್ಕಕ್ಕೆ ಬಂದರೆ ಸಾಕು, 'ಡಿಸ್ಟ್/ಇಂಡೆಕ್ಸ್' ಇದ್ದದ್ದು 'ಡಿಸ್ಟ್/ಎಸ್‌ಆರ್‌ಸಿ/ಇಂಡೆಕ್ಸ್' ಆಗಿ ಕೂರುತ್ತದೆ. ಎಕ್ಸ್‌ಪೋರ್ಟ್ಸ್ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ. 'ರೂಟ್‌ಡಿರ್' ಬರೆದಿದ್ದರೆ ಅದೇ ತಪ್ಪು ಬಿಲ್ಡ್ ಸಮಯದಲ್ಲೇ ದೋಷವಾಗಿ ಕಣ್ಣಿಗೆ ಬೀಳುತ್ತದೆ.

ಎರಡು ಬಗೆಯ ಬಿಲ್ಡ್ ಕಳಿಸುವವರು .ಸಿಜೆಎಸ್ ಫೈಲಿನ ಜೊತೆಗೆ .ಡಿ.ಸಿಟಿಎಸ್ ಕೂಡ ಕಳಿಸಬೇಕು. ಒಂದೇ ಟೈಪ್ ಫೈಲನ್ನು ಇಬ್ಬರಿಗೂ ಹಂಚಿದರೆ ಟೈಪ್‌ಸ್ಕ್ರಿಪ್ಟ್ ಅದನ್ನು ತಪ್ಪಾಗಿ ಓದುತ್ತದೆ. ಹಳೆಯ ಸೆಟ್ಟಿಂಗ್‌ಗಳಲ್ಲಿ ಓಡುವ ಟೈಪ್‌ಸ್ಕ್ರಿಪ್ಟ್ ಎಕ್ಸ್‌ಪೋರ್ಟ್ಸ್ ಕಡೆ ನೋಡುವುದೇ ಇಲ್ಲ. ಅವರ ಸಲುವಾಗಿ 'ಮೇನ್' ಮತ್ತು 'ಟೈಪ್ಸ್' ಫೀಲ್ಡ್‌ಗಳನ್ನು ಮೇಲ್ಮಟ್ಟದಲ್ಲೂ ಉಳಿಸಿ.

ಬಿಲ್ಡ್ ಆದ ಕೋಡಿನ ಸಾಲು ಮೂಲದ ಯಾವ ಸಾಲಿನಿಂದ ಬಂತೆಂದು ಹೇಳುವ ಸೋರ್ಸ್ ಮ್ಯಾಪ್ ಕಳಿಸುವುದಾದರೆ ಅರ್ಧಂಬರ್ಧ ಕಳಿಸಬೇಡಿ. ಮ್ಯಾಪ್ ಇದ್ದು ಅದು ತೋರಿಸುವ ಎಸ್‌ಆರ್‌ಸಿ ಗಂಟಿನಲ್ಲಿಲ್ಲದಿದ್ದರೆ ಡೀಬಗರ್ ಇಲ್ಲದ ಫೈಲನ್ನು ಹುಡುಕುತ್ತ ಗೊಣಗುತ್ತದೆ. ಮೂಲ ಕೋಡನ್ನು ಮ್ಯಾಪ್‌ನೊಳಗೇ ಸೇರಿಸುವ ಆಯ್ಕೆಯಿದೆ. ಮೂಲವನ್ನು ಗುಟ್ಟಾಗಿಡಬೇಕಾದವರು ಅದೇ ಆಯ್ಕೆಗೆ ಹೆದರಬೇಕು: ಕುಗ್ಗಿಸಿ ಕಲಸಿದ ಕೋಡಿನ ಪಕ್ಕದಲ್ಲೇ ಇಡೀ ಮೂಲವನ್ನು ಟಿಪ್ಪಣಿ ಸಮೇತ ಕಳಿಸಿದಂತಾಗುತ್ತದೆ.

ಹಂತ 7: ಅವಲಂಬನೆಗಳು ಯಾವ ಗೂಡಿಗೆ

ಓಡುವಾಗ ಬೇಕಾದದ್ದು 'ಡಿಪೆಂಡೆನ್ಸೀಸ್'ಗೆ. ಬಿಲ್ಡ್, ಪರೀಕ್ಷೆಗಷ್ಟೇ ಬೇಕಾದದ್ದು 'ಡೆವ್‌ಡಿಪೆಂಡೆನ್ಸೀಸ್'ಗೆ. ಅದು ಬಳಸುವವರ ಯಂತ್ರಕ್ಕೆ ಇಳಿಯುವುದಿಲ್ಲ. ಪರದೆ ಕಟ್ಟುವ ಲೈಬ್ರರಿಯಾದ ರಿಯಾಕ್ಟ್‌ನಂತೆ ಇಡೀ ಆ್ಯಪ್‌ಗೆ ಒಂದೇ ಪ್ರತಿ ಇರಬೇಕಾದದ್ದು 'ಪಿಯರ್‌ಡಿಪೆಂಡೆನ್ಸೀಸ್'ಗೆ. ಇದನ್ನು ತಪ್ಪಿಸಿ ರಿಯಾಕ್ಟ್‌ನ ಎರಡು ಪ್ರತಿಗಳು ಒಳಗೆ ಬಂದರೆ ಹುಕ್‌ಗಳು ಕೆಲಸ ಮಾಡುವುದಿಲ್ಲ. ನಿಮ್ಮ .ಡಿ.ಟಿಎಸ್ ಫೈಲ್ ಬೇರೊಂದು ಪ್ಯಾಕೇಜಿನ ಟೈಪ್‌ಗಳನ್ನು ಹೆಸರಿಸುತ್ತಿದ್ದರೆ ಆ ಟೈಪ್ ಪ್ಯಾಕೇಜ್ ಡೆವ್ ಗೂಡಿನಲ್ಲಿದ್ದರೆ ಸಾಲದು, ಮೊದಲನೆಯದಕ್ಕೆ ಬರಬೇಕು.

ಹಂತ 8: ಬಿಲ್ಡ್‌ಗೆ ಮುಂಚೆ ಗುಡಿಸಿ

ಡಿಸ್ಟ್ ಫೋಲ್ಡರನ್ನು ಪ್ರತಿ ಬಿಲ್ಡ್‌ಗೂ ಮುಂಚೆ ಪೂರ್ತಿ ಅಳಿಸಿ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಹೊಸದನ್ನು ಬರೆಯುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ಹೋದ ತಿಂಗಳು ನೀವು ಎಸ್‌ಆರ್‌ಸಿಯಿಂದ ಅಳಿಸಿದ ಫೈಲಿನ ಬಿಲ್ಡ್ ಆದ ರೂಪ ಡಿಸ್ಟ್‌ನಲ್ಲಿ ಹಾಗೆಯೇ ಇರುತ್ತದೆ, ಗಂಟಿಗೂ ಹೋಗುತ್ತದೆ; ನಕ್ಷತ್ರದ ಬಾಗಿಲು ಇದ್ದರೆ ಹೊರಗಿನವರಿಗೆ ಸಿಗುತ್ತಲೂ ಇರುತ್ತದೆ.

ಅಳಿಸುವುದು, ಬಿಲ್ಡ್ ಮಾಡುವುದು ಎರಡನ್ನೂ 'ಸ್ಕ್ರಿಪ್ಟ್ಸ್'ನ 'ಪ್ರೀಪ್ಯಾಕ್'ಗೆ ಕಟ್ಟಿಹಾಕಿ. ಪ್ಯಾಕ್ ಮಾಡಿದರೂ ಪ್ರಕಟಿಸಿದರೂ ಅದು ಮೊದಲು ಓಡುತ್ತದೆ. ಪರೀಕ್ಷೆಗಳನ್ನು 'ಪ್ರೀಪಬ್ಲಿಷ್‌ಓನ್ಲಿ'ಗೆ ಹಾಕಬಹುದು. ಅದು ಪ್ರಕಟಿಸುವಾಗ ಮಾತ್ರ ಓಡುತ್ತದೆ. ಮೊದಲು ಬಿಲ್ಡ್ ಮಾಡಿ ಆಮೇಲೆ ಪ್ರಕಟಿಸಬೇಕು ಎಂದು ನೆನಪಿನಲ್ಲಿ ಇಟ್ಟುಕೊಳ್ಳುವ ಯೋಜನೆ ಯಾರ ಕೈಯಲ್ಲೂ ಬಹಳ ದಿನ ನಡೆಯುವುದಿಲ್ಲ. 'ಪೋಸ್ಟ್‌ಇನ್‌ಸ್ಟಾಲ್' ಮಾತ್ರ ಬಳಸಬೇಡಿ. ಬಳಸುವವರ ಯಂತ್ರದಲ್ಲಿ ಅವರನ್ನು ಕೇಳದೆ ಕೋಡ್ ಓಡಿಸುವ ಪ್ಯಾಕೇಜನ್ನು ಈಗ ಯಾರೂ ಸಲೀಸಾಗಿ ನಂಬುವುದಿಲ್ಲ, ನಂಬಲೂಬಾರದು.

ಹಂತ 9: ಪರಕೀಯನಾಗಿ ಒಮ್ಮೆ ಬಳಸಿ

ಪ್ಯಾಕ್ ಮಾಡಿ ಸಿಕ್ಕ .ಟಿಜಿಝಡ್ ಫೈಲನ್ನು ಸಂಬಂಧವೇ ಇಲ್ಲದ ಒಂದು ಖಾಲಿ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ. ಹೆಸರಿನ ಜಾಗದಲ್ಲಿ ಆ ಫೈಲಿನ ದಾರಿ ಕೊಟ್ಟರೆ ಎನ್‌ಪಿಎಂ ಅದನ್ನೇ ಪ್ಯಾಕೇಜ್ ಎಂದು ತೆಗೆದುಕೊಳ್ಳುತ್ತದೆ. ಬಳಿಕ ರೀಡ್‌ಮಿಯ ಮೊದಲ ಉದಾಹರಣೆಯನ್ನು ಒಂದಕ್ಷರ ಬದಲಿಸದೆ ನಕಲಿಸಿ ಓಡಿಸಿ. ರೀಡ್‌ಮಿ ತಪ್ಪಿದ್ದರೂ ಇಲ್ಲೇ ಗೊತ್ತಾಗುತ್ತದೆ. ಎಕ್ಸ್‌ಪೋರ್ಟ್ಸ್‌ನ ಪ್ರತಿ ಬಾಗಿಲನ್ನೂ ಒಮ್ಮೆ ತಟ್ಟಿ. ಮುಚ್ಚಿರಬೇಕಾದ ಒಂದನ್ನೂ ತಟ್ಟಿ, ಮುಚ್ಚಿದೆಯೇ ನೋಡಿ.

ಇದರ ಬದಲು 'ಎನ್‌ಪಿಎಂ ಲಿಂಕ್' ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಲಿಂಕ್ ಎಂದರೆ ನಿಮ್ಮ ಕೆಲಸದ ಮನೆಗೇ ಒಂದು ಕೊಂಡಿ ಹಾಕುವುದು. ಗಂಟಿಗೆ ಸೇರದ ಫೈಲ್‌ಗಳೂ ಅಲ್ಲಿ ಸಿಗುತ್ತವೆ, ಡೆವ್ ಗೂಡಿನ ಅವಲಂಬನೆಗಳೂ ಸಿಗುತ್ತವೆ. ನನ್ನ ಮೊದಲ ಪ್ಯಾಕೇಜನ್ನು ನಾನು ಪರೀಕ್ಷಿಸಿದ್ದೇ ಲಿಂಕ್ ಮಾಡಿ. ಅದು ಪಾಸಾಗದೆ ಇರಲು ಸಾಧ್ಯವೇ ಇರಲಿಲ್ಲ.

ಇದಲ್ಲದೆ 'ಪಬ್ಲಿಂಟ್' ಎಂಬ ಉಪಕರಣವನ್ನು ಓಡಿಸಿ. ಎಕ್ಸ್‌ಪೋರ್ಟ್ಸ್ ತೋರಿಸುವ ಫೈಲ್ ನಿಜವಾಗಿ ಇದೆಯೇ, ಶರತ್ತುಗಳ ಕ್ರಮ ಸರಿಯೇ, ಫೈಲಿನ ಬಗೆಗೂ ಅದರ ಹೆಸರಿನ ಬಾಲಕ್ಕೂ ಹೊಂದಾಣಿಕೆಯಿದೆಯೇ ಎಂದು ಅದು ಹೇಳುತ್ತದೆ. ಐದನೆಯ ಮತ್ತು ಆರನೆಯ ಹಂತದಲ್ಲಿ ಮಾಡಿದ ತಪ್ಪುಗಳಲ್ಲಿ ಬಹುಪಾಲು ಇಲ್ಲಿ ಸಿಕ್ಕಿಬೀಳುತ್ತವೆ.

ಹಂತ 10: ಪ್ರಕಟಿಸುವುದು

ಇಷ್ಟಾದ ಮೇಲೆ ಪ್ರಕಟಿಸುವುದು ಒಂದು ಸಾಲಿನ ಕೆಲಸ. '@' ಚಿಹ್ನೆಯಿಂದ ಶುರುವಾಗುವ, ನಿಮ್ಮ ಖಾತೆಯ ಹೆಸರು ಹೊತ್ತ ಪ್ಯಾಕೇಜ್ ಆಗಿದ್ದರೆ ಎನ್‌ಪಿಎಂ ಅದನ್ನು ಖಾಸಗಿ ಎಂದೇ ಭಾವಿಸುತ್ತದೆ. ಖಾಸಗಿ ಪ್ಯಾಕೇಜಿಗೆ ಹಣ ಕಟ್ಟದವರಿಗೆ 402 ಎಂಬ ದೋಷ ಬರುತ್ತದೆ. ಗಾಬರಿ ಬೇಡ, 'ಪಬ್ಲಿಷ್‌ಕಾನ್ಫಿಗ್'ನಲ್ಲಿ 'ಆ್ಯಕ್ಸೆಸ್' ಅನ್ನು 'ಪಬ್ಲಿಕ್' ಎಂದು ಒಮ್ಮೆ ಬರೆದಿಟ್ಟರೆ ಮತ್ತೆ ಕೇಳುವುದಿಲ್ಲ. ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ.

ಲೈಸೆನ್ಸ್ ಫೈಲಿನಲ್ಲಿರುವ ಪರವಾನಗಿಯೂ ಪ್ಯಾಕೇಜ್.ಜೇಸನ್‌ನಲ್ಲಿರುವ ಹೆಸರೂ ಒಂದೇ ಆಗಿವೆಯೇ ಎಂದು ಕೊನೆಯದಾಗಿ ನೋಡಿ. ಬೇರೇನೂ ಹೇಳದಿದ್ದರೆ 'ಎನ್‌ಪಿಎಂ ಇನಿಟ್' ಅಲ್ಲಿ 'ಐಎಸ್‌ಸಿ' ಎಂದು ತುಂಬಿರುತ್ತದೆ. ನೀವು ಎಂಐಟಿ ಪರವಾನಗಿಯನ್ನು ಅಂಟಿಸಿ ಅದನ್ನು ಮರೆತಿರುತ್ತೀರಿ.

ಪರೀಕ್ಷಾರ್ಥ ಆವೃತ್ತಿಯಾದರೆ 'ಬೀಟಾ' ಅಥವಾ 'ನೆಕ್ಸ್ಟ್' ಎಂಬ ಟ್ಯಾಗ್ ಜೊತೆಗೆ ಕಳಿಸಿ, 'ಲೇಟೆಸ್ಟ್' ಎಂಬುದು ಗಟ್ಟಿ ಆವೃತ್ತಿಯ ಮೇಲೆಯೇ ಇರಲಿ. ಹೆಸರು ಮಾತ್ರ ಹೇಳಿ ಇನ್‌ಸ್ಟಾಲ್ ಮಾಡುವವರಿಗೆ ಸಿಗುವುದು ಅದೇ.

ತಪ್ಪು ಆವೃತ್ತಿ ಹೋಗಿಬಿಟ್ಟರೆ? ಬೇರೆ ಯಾವ ಪ್ಯಾಕೇಜೂ ಅದನ್ನು ಅವಲಂಬಿಸಿಲ್ಲದಿದ್ದರೆ 72 ಗಂಟೆಗಳೊಳಗೆ ಹಿಂತೆಗೆದುಕೊಳ್ಳಬಹುದು. ಆ ಬಳಿಕ ನಿಯಮಗಳು ಬಿಗಿ. ಹಿಂತೆಗೆದುಕೊಂಡರೂ ಅದೇ ಹೆಸರು, ಅದೇ ಆವೃತ್ತಿ ಸಂಖ್ಯೆ ಮತ್ತೆ ಬಳಸಲು ಸಿಗುವುದಿಲ್ಲ. 1.0.0 ಕೆಟ್ಟರೆ 1.0.1 ಕಳಿಸಿ, ಕೆಟ್ಟದ್ದಕ್ಕೆ 'ಡೆಪ್ರಿಕೇಟ್' ಕಮಾಂಡಿನಿಂದ ಒಂದು ಎಚ್ಚರಿಕೆಯ ಸಾಲು ಅಂಟಿಸಿ. ನನ್ನ ಆ ಮೊದಲ ಪ್ಯಾಕೇಜಿನ 1.0.0 ಇಂದಿಗೂ ಅಲ್ಲೇ ಇದೆ, ಹಿಂದೆ ಮನೆಯಿಲ್ಲದ ಬಾಗಿಲಿನ ಮೇಲೆ 'ಖಾಲಿ, 1.0.1 ಬಳಸಿ' ಎಂಬ ಫಲಕ ನೇತುಹಾಕಿಕೊಂಡು.